ಪೆಟ್ಟಿಗೆ ಉಳಿಸಿಕೊಂಡ ದಲಾಲಿ

ಬ್ಯಾಡಗಿ ಮಾರುಕಟ್ಟೆಯ ದಲಾಲಿಯೊಬ್ಬರು ಹುಬ್ಬಳ್ಳಿಗೆ ನನ್ನ ಹತ್ತಿರ ಬಂದಾಗ ದನಿ ಒಡೆದು ಎರಡು ವರ್ಷವಾಗಿತ್ತು. ಮೆಣಸಿನಕಾಯಿ ಘಾಟು ಅಂತ ಸುಮ್ನಿದ್ದರಂತೆ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಯಾರೋ ದಮ್ಮು ಅಂತ ಇನ್‌ಹೇಲರ್ ಕೊಟ್ಟಿದ್ದರು. ದಮ್ಮಿನವರಿಗೆ ಕಷ್ಟ ಉಸಿರು ಬಿಡುವಾಗ. ಇವರಿಗೆ ಎಳೆದುಕೊಳ್ಳುವಾಗ ಸುಂಯ್ ಅನ್ನುತ್ತಿತ್ತು. ತೊಂದರೆ ಎದೆಯದ್ದಲ್ಲ, ಗಂಟಲಿನದ್ದು.

ಗಂಟಲಿಗೆ ದುರ್ಬೀನು ಇಳಿಸಿ ನೋಡಿದೆ. ಎಡ ಸ್ವರತಂತು ಅಲುಗುತ್ತಿಲ್ಲ, ಅದರ ಕೆಳಗೊಂದು ಉಬ್ಬು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ನೂರಕ್ಕೆ 90ಕ್ಕಿಂತ ಜಾಸ್ತಿ ಒಳಪೊರೆಯಲ್ಲೇ ಹುಟ್ಟುತ್ತದೆ. ಇಲ್ಲಿ ಪೊರೆ ನುಣ್ಣಗಿತ್ತು. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ತಪ್ಪು ನನ್ನದೇ, ಮೇಲೆ ಮೇಲೆ ಚಿವುಟಿದ್ದೆ. ಸಿಟಿ ಸ್ಕ್ಯಾನ್‌ನಲ್ಲಿ ಕ್ರಿಕಾಯ್ಡ್, ಅಂದರೆ ಧ್ವನಿಪೆಟ್ಟಿಗೆಯ ಬುಡದ ಮೃದು ಎಲುಬಿನ ಉಂಗುರ, ಅದರ ಹಿಂಬದಿಗೆ ಗಡ್ಡೆ, ಒಳಗೆ ಅರಳು ಚೆಲ್ಲಿದಂತೆ ಸುಣ್ಣದ ಚುಕ್ಕೆ. ಎರಡನೇ ಸಲ ಆಳದಿಂದ ತೆಗೆದ ಚೂರಿನಲ್ಲಿ ಗೊತ್ತಾಯಿತು: ಕಾಂಡ್ರೋಸಾರ್ಕೋಮಾ, ಅಂದರೆ ಮೃದು ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್, ಕಡಿಮೆ ದರ್ಜೆಯದು.

ಹೆದರಿ ಇಡೀ ಧ್ವನಿಪೆಟ್ಟಿಗೆ ತೆಗೆದು, ಉಸಿರಿಗೆ ಕುತ್ತಿಗೆಯಲ್ಲಿ ಕಾಯಂ ತೂತು ಮಾಡಿಬಿಡುವುದು ಸುಲಭ. ಆದರೆ ಈ ಗಡ್ಡೆ ಬೆಳೆಯುವುದು ನಿಧಾನ, ದೂರ ಹರಡುವುದು ಅಪರೂಪ. ನೋಡಬೇಕಾದ್ದು ಉಂಗುರ ಎಷ್ಟು ಉಳಿಯುತ್ತದೆ ಅಂತ. ಉಸಿರಿನ ದಾರಿಯಲ್ಲಿ ಪೂರ್ತಿ ಸುತ್ತಿರುವ ಉಂಗುರ ಇದೊಂದೇ. ಅರ್ಧಕ್ಕಿಂತ ಜಾಸ್ತಿ ಹೋದರೆ ದಾರಿ ಕುಸಿಯುವ ಭಯ. ಇವರದ್ದು ಮೂರನೇ ಒಂದು ಭಾಗ ಕೆಟ್ಟಿತ್ತು.

"ಸಾಹೇಬ್ರ, ಕಾಯಂ ಕುತ್ತಿಗ್ಯಾಗ ತೂತು ಇಟ್ಕೊಂಡು ವ್ಯಾಪಾರ ಹ್ಯಾಂಗ ಮಾಡ್ಲಿ?" ಅಂದರು. ಉಳಿಸಲು ನೋಡುತ್ತೇನೆ, ಆಗದಿದ್ದರೆ ಪೂರ್ತಿ ತೆಗೆಯುತ್ತೇನೆ ಅಂತ ಹೇಳಿಯೇ ಸಹಿ ಮಾಡಿಸಿಕೊಂಡೆ.

ಮೊದಲು ಟ್ರೇಕಿಯಾಸ್ಟಮಿ, ಅಂದರೆ ಉಸಿರಿಗೆ ಕುತ್ತಿಗೆಯಲ್ಲಿ ತಾತ್ಕಾಲಿಕ ತೂತು ಮಾಡಿ ನಳಿಗೆ ಕೂರಿಸಿದೆ. ಆಮೇಲೆ ಎಡಬದಿಯಿಂದ ಹೋಗಿ, ಒಳಪೊರೆ ಹರಿಯದಂತೆ ಗಡ್ಡೆಯಿಂದ ಬಿಡಿಸಿದೆ. ಒಂದು ತಾಸು ಅಲ್ಲೇ ಹೋಯಿತು. ಪೊರೆ ಹರಿದರೆ ಮುಂದೆ ಗಾಯ ಮಾಯುವಾಗ ದಾರಿ ಸಂಕುಚಿಸುತ್ತದೆ. ಗಡ್ಡೆ ತೆಗೆದ ಜಾಗಕ್ಕೆ ಪಕ್ಕೆಲುಬಿನ ಮೃದು ಎಲುಬನ್ನು ಕೆತ್ತಿ ಕೂರಿಸಿದೆ. ಬಲ ಸ್ವರತಂತು ಅಲುಗಿಸುವ ನರದ ತಂಟೆಗೆ ಹೋಗಲಿಲ್ಲ.

ನಿಜವಾದ ಗುದ್ದಾಟ ನುಂಗುವುದರಲ್ಲಿತ್ತು. ನೀರು ಕುಡಿದರೆ ಕೆಮ್ಮು, ಗಟ್ಟಿ ಅಂಬಲಿ ಸರಾಗ. ಅಂಬಲಿಗಿಂತ ನೀರೇ ಕಷ್ಟ ಅಂದರೆ ಮನೆಯವರು ನಂಬಲೇ ಇಲ್ಲ. ಉಸಿರು ಕಟ್ಟಿ ನುಂಗಿ, ಕೂಡಲೇ ಕೆಮ್ಮಿ ಅಂತ ದಿನಾ ಮಾಡಿಸಿದೆವು. ಐದನೇ ವಾರ ಕುತ್ತಿಗೆಯ ನಳಿಗೆ ತೆಗೆದೆ.

ದನಿ ಈಗಲೂ ಒರಟು. ಈ ಗಡ್ಡೆ ಹತ್ತು ವರ್ಷದ ಮೇಲೂ ಮರಳಬಹುದು, ಅದಕ್ಕೇ ವರ್ಷಕ್ಕೊಮ್ಮೆ ಕರೆಯುತ್ತೇನೆ. ಮೊನ್ನೆ ಬರಬೇಕಿತ್ತು. ಫೋನ್ ಬಂತು. "ಮಾಲು ಜೋರ ಬರಾಕತ್ತೈತ್ರಿ, ಮುಂದಿನ ವಾರ ಬರ್ತೇನಿ." ಪಕ್ಕದಲ್ಲಿದ್ದ ಜೂನಿಯರ್‌ಗೂ ಕೇಳಿಸಿತು.