ಕಾಫಿ ತೋಟದೊಳಗೆ ಟವರ್ ಹಿಡಿಯುವುದು ಹೇಗೆ?

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುವಾಗ ಸಿಗುತ್ತದೆ ನಮ್ಮ ಸಣ್ಣ ತೋಟ. ಮನೆಯಲ್ಲಿ ಫೋನಿನ ಸಿಗ್ನಲ್ ಎರಡು ಕಡ್ಡಿ, ಕಣದಲ್ಲಿ ಒಂದು, ಹಳ್ಳದ ಹತ್ತಿರ ಸೊನ್ನೆ. ಹೋದ ಮಳೆಗಾಲದಲ್ಲಿ ಚಿಕ್ಕಪ್ಪ ಹೊಸ 5ಜಿ ಫೋನ್ ತಂದರು. ಕಣದಲ್ಲಿ ನಿಂತರೆ ವಾಟ್ಸಾಪ್ ಫೋಟೋ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. "ಸೆಟ್ಟೇ ಸರಿಯಿಲ್ಲ ಕಣೋ, ವಾಪಸ್ ಕೊಟ್ಟು ಬರ್ತೀನಿ" ಅಂದರು.

ಸೆಟ್ ಸರಿಯಾಗೇ ಇತ್ತು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಒಳಗೆ 'ವಿಒಎಲ್‌ಟಿಇ' ಅಂತ ಒಂದು ಗುಂಡಿ ಇರುತ್ತದೆ, ಕೆಲವು ಫೋನಿನಲ್ಲಿ '4ಜಿ ಕಾಲಿಂಗ್' ಅಂತ. ಅದು ಆಫ್ ಆಗಿತ್ತು. ಮೊದಲು ಇದನ್ನು ನೋಡಿ.

ಕಾರಣ ಇಷ್ಟೇ. 1995ರ ಜುಲೈ 31ರಂದು ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್‌ಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ್ದು 2ಜಿಯಲ್ಲಿ. ಆಗ ಮಾತಿಗೆಂದೇ ಬೇರೆ ದಾರಿ ಇತ್ತು. 3ಜಿಯಲ್ಲೂ ಇತ್ತು. 2012ರಲ್ಲಿ ನಮ್ಮಲ್ಲಿಗೆ ಬಂದ 4ಜಿಯಲ್ಲಿ ಆ ದಾರಿಯೇ ಇಲ್ಲ, ಮಾತೂ ಡೇಟಾದ ಜೊತೆಗೇ ಹೋಗಬೇಕು. ಆ ಗುಂಡಿ ಆಫ್ ಇದ್ದರೆ ಕಾಲ್ ಮಾಡುವಾಗ ಫೋನ್ ಕೆಳಗಿಳಿದು ಹಳೇ 2ಜಿ ಹುಡುಕುತ್ತದೆ. ನಮ್ಮ ಕಣದಲ್ಲಿ ಚಿಕ್ಕಪ್ಪನ ಸಿಮ್ಮಿಗೆ ಅದು ಸಿಗುವುದಿಲ್ಲ.

ಎರಡನೆಯದು, 5ಜಿ ಆಸೆ ಸ್ವಲ್ಪ ಬಿಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ 5ಜಿ ಹೆಚ್ಚಾಗಿ ಓಡುವುದು 3300 ಮೆಗಾಹರ್ಟ್ಸ್‌ಗಿಂತ ಮೇಲಿನ ಅಲೆಯಲ್ಲಿ. ಮೆಗಾಹರ್ಟ್ಸ್ ಅಂದರೆ ಅಲೆ ಎಷ್ಟು ಬೇಗ ಕಂಪಿಸುತ್ತದೆ ಅನ್ನುವ ಲೆಕ್ಕ. ಆ ಲೆಕ್ಕ ಮೇಲೆ ಹೋದಷ್ಟೂ ವೇಗಕ್ಕೆ ಜಾಗ ಜಾಸ್ತಿ, ಆದರೆ ಅಲೆ ದೂರ ಹೋಗುವುದಿಲ್ಲ. ಮಳೆಯಲ್ಲಿ ನೆನೆದ ಸಿಲ್ವರ್ ಮರದ ಎಲೆಗಳೇ ಅದನ್ನು ನುಂಗಿಬಿಡುತ್ತವೆ. 850, 900ರ ಅಲೆ ಹಾಗಲ್ಲ, ಗುಡ್ಡದ ಮಗ್ಗುಲಿಗೂ ಸ್ವಲ್ಪ ಬಾಗಿ ಬರುತ್ತದೆ. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಬೇರೆ ಕಂಪನಿಯ ಸಿಮ್ ಹಾಕಿದ ಕೀಪ್ಯಾಡ್ ಸೆಟ್ಟಿದೆ. ಹಳ್ಳದ ದಾರಿಯಲ್ಲಿ ಅದು ಆರಾಮಾಗಿ ಮಾತಾಡುತ್ತದೆ, ಚಿಕ್ಕಪ್ಪನ ಹೊಸ ಸೆಟ್ ಸುಮ್ನೆ ಬಿಸಿಯಾಗುತ್ತದೆ. ತೋಟದಲ್ಲಿರುವಾಗ 'ಪ್ರಿಫರ್ಡ್ ನೆಟ್‌ವರ್ಕ್ ಟೈಪ್' 4ಜಿಗೆ ಇಡಿ. ಬ್ಯಾಟರಿಯೂ ಉಳಿಯುತ್ತದೆ.

ಕಡ್ಡಿಯನ್ನು ಪೂರ್ತಿ ನಂಬಬೇಡಿ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ 'ಅಬೌಟ್ ಫೋನ್' ಒಳಗೆ ಸಿಮ್ ಸ್ಟೇಟಸ್ ಒತ್ತಿದರೆ ಸಿಗ್ನಲ್ ಎಷ್ಟಿದೆ ಅಂತ ಮೈನಸ್ ಲೆಕ್ಕದಲ್ಲಿ ಬರುತ್ತದೆ. ಸಾಲ ಇದ್ದ ಹಾಗೆ, ಕಮ್ಮಿ ಇದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85 ಚೆನ್ನಾಗಿದೆ, ಮೈನಸ್ 115 ಅಂದರೆ ಕಷ್ಟ. ಅದನ್ನು ನೋಡಿಕೊಂಡು ಮನೆ ಸುತ್ತ ಒಂದು ಸುತ್ತು ಹಾಕಿ. ನಮಗೆ ಸಿಕ್ಕ ಒಳ್ಳೆ ಜಾಗ ಬಚ್ಚಲ ಕಿಟಕಿ!

ಮನೆಗೆ ಫೈಬರ್ ಬಂದಿದ್ದರೆ 'ವೈಫೈ ಕಾಲಿಂಗ್' ಆನ್ ಮಾಡಿ, ಒಳಗಡೆ ಟವರಿನ ಹಂಗೇ ಬೇಡ. ಅಂಗಡಿಯವರು ಸಿಗ್ನಲ್ ಜಾಸ್ತಿ ಮಾಡುವ ಬೂಸ್ಟರ್ ಅಂತ ಏನೋ ತೋರಿಸಿದರೆ ತರಬೇಡಿ. ಅನುಮತಿ ಇಲ್ಲದೆ ಹಾಕುವುದು ಅಪರಾಧ, ಪಕ್ಕದ ತೋಟದವರ ಸಿಗ್ನಲ್ಲೂ ಹಾಳು.

ಎರಡು ದಿನ ಕರೆಂಟ್ ಹೋಗಿ ಹತ್ತಿರದ ಟವರೇ ಸತ್ತರೆ ಈ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರುವುದಿಲ್ಲ. ದೂರದ ಟವರ್ ಕಾಣುವ ಗುಡ್ಡ ಹತ್ತಬೇಕು. ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇರಲಿ, ಮಳೆಗಾಲದಲ್ಲಿ ಉಂಬಳ (ಜಿಗಣೆ) ಜಾಸ್ತಿ.