ದಾವಣಗೆರೆ ಬಿಸಿಲಲ್ಲಿ ಚಿಲ್ಲರ್ ಇಲ್ಲದ ರೀಫ್ ಟ್ಯಾಂಕ್

"ದಾವಣಗೆರೆ ಬಿಸ್ಲಿಗೆ ಚಿಲ್ಲರ್ ಇಲ್ದೆ ಆಗಲ್ಲ ಸರ್, ಸುಮ್ನೆ ದುಡ್ಡು ಹಾಳು" ಅಂದಿದ್ದರು ಬೆಂಗಳೂರಿನ ಅಕ್ವೇರಿಯಂ ಅಂಗಡಿಯವರು. ಜೊತೆಗೆ ಮೀನು ಸಾಕುವ ಗೆಳೆಯರೂ ಅದನ್ನೇ ಹೇಳಿದರು. ಚಿಲ್ಲರ್ ಅಂದರೆ ಟ್ಯಾಂಕಿನ ನೀರನ್ನು ತಣ್ಣಗಿಡುವ ಮೆಷಿನ್. ಉಪ್ಪುನೀರಲ್ಲಿ ಹವಳ, ಮೀನು ಸಾಕುವ ನನ್ನ ಎರಡಡಿ ರೀಫ್ ಟ್ಯಾಂಕಿಗೆ ಈಗ ಹದಿನಾಲ್ಕು ತಿಂಗಳು. ಒಂದು ಬೇಸಿಗೆಯನ್ನು ಪೂರ್ತಿ ದಾಟಿದೆ. ಚಿಲ್ಲರ್ ಇಲ್ಲ.

ಮೊದಲು ಕೈಕೊಟ್ಟಿದ್ದು ಬಿಸಿಲಲ್ಲ, ನೀರು. ಬೋರ್ ನೀರು ಗಡಸು ಅಂತ ಗೊತ್ತಿತ್ತು, ಅದಕ್ಕೇ ಮನೆಯ ಆರ್‌ಒ ನೀರಿಗೆ ಉಪ್ಪು ಬೆರೆಸಿದೆ. ಮೂರು ವಾರದಲ್ಲಿ ಕಲ್ಲೆಲ್ಲಾ ಹಸಿರು ಕೂದಲಿನಂಥ ಪಾಚಿ. ಆರ್‌ಒ ನೀರಿಗೆ ಮೀಟರ್ ಹಾಕಿ ನೋಡಿದರೆ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಾಂಶ) 60-70! ರುಚಿಗೆ ಅಂತ ಆ ಮೆಷಿನ್ ಒಂದಿಷ್ಟು ಬೋರ್ ನೀರನ್ನೂ ಬೆರೆಸಿ ಬಿಡುತ್ತಿತ್ತು. ಆ ವಾಲ್ವ್ ಮುಚ್ಚಿಸಿ, ಮುಂದೆ ಉಳಿದ ಲವಣವನ್ನೂ ಹಿಡಿಯುವ ಡಿಐ ಕಾರ್ಟ್ರಿಡ್ಜ್ ಕೂರಿಸಿದೆ. ಸುಮಾರು 1,500 ಖರ್ಚು. ಟಿಡಿಎಸ್ ಸೊನ್ನೆಗೆ ಬಂತು. ಎಲ್ಲಾ ನೀರನ್ನೂ ಚೆಲ್ಲಿ ಹೊಸದಾಗಿ ಶುರು ಮಾಡಿದೆ. ನಾಲ್ಕು ಕೆಜಿ ಉಪ್ಪು ಮೋರಿ ಪಾಲಾಯಿತು.

ಎರಡನೇ ಪೆಟ್ಟು ಆತುರದ್ದು. ಹೊಸದಾಗಿ ಶುರು ಮಾಡಿದ ಹನ್ನೆರಡನೇ ದಿನಕ್ಕೇ ಒಂದು ಜೋಡಿ ಕ್ಲೌನ್ ಮೀನು ಬಿಟ್ಟೆ. ರೈಲಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದವು. ಮೂರು ದಿನದಲ್ಲಿ ಎರಡೂ ಹೋದವು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಆಮೇಲೆ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆಗೋವರೆಗೆ ಏನೂ ಬಿಡಲಿಲ್ಲ. ಆರು ವಾರ ಬೇಕಾಯಿತು.

ಟ್ಯಾಂಕಿನೊಳಗಿನ ಕಲ್ಲು ಒಣ ಕಲ್ಲೇ, ಕಡಲಿಂದ ಜೀವಂತ ತೆಗೆದದ್ದಲ್ಲ. "ಕಡಲಿಂದ ಹವಳ ತರಿಸಿಕೊಡ್ತೀನಿ" ಅಂತ ಒಬ್ಬರು ಹೇಳಿದ್ದರು, ಬೇಡ ಅಂದೆ. ನಮ್ಮ ಕಡಲಿನ ಕಲ್ಲುಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಫಾರ್ಮಲ್ಲಿ ಬೆಳೆಸಿದ ಜೊವಾಂಥಿಡ್, ಮಶ್ರೂಮ್ ಅನ್ನೋ ಮೆತ್ತನೆ ಹವಳಗಳನ್ನು ಮಾತ್ರ ಬಿಲ್ ಸಮೇತ ತಂದೆ. ಆಮೇಲೆ ತಂದ ಕ್ಲೌನ್ ಕೂಡ ಸಾಕಣೆ ತೊಟ್ಟಿಯಲ್ಲೇ ಹುಟ್ಟಿದ್ದು. ಅವು ಒಣ ಆಹಾರ ಬೇಗ ತಿನ್ನುತ್ತವೆ.

ಈಗ ಬಿಸಿಲಿನ ವಿಷಯ. ಏಪ್ರಿಲಲ್ಲಿ ರೂಮಿನೊಳಗೇ 35 ಡಿಗ್ರಿ, ನೀರು 31 ದಾಟಿತು. ಜೊವಾಂಥಿಡ್ ಒಂಬತ್ತು ದಿನ ಬಾಯಿ ಬಿಡಲಿಲ್ಲ. ಬಾಟಲಿಯಲ್ಲಿ ಐಸ್ ಮಾಡಿ ತೇಲಿಬಿಟ್ಟೆ. ಗಂಟೆಯಲ್ಲಿ ಮೂರು ಡಿಗ್ರಿ ಇಳಿದು, ಸಂಜೆಗೆ ಮತ್ತೆ ಏರಿತು. ಈ ಏರಿಳಿತ ಬಿಸಿಗಿಂತ ಕೆಟ್ಟದ್ದು. ಟ್ಯಾಂಕಿನ ಸುತ್ತ ಒದ್ದೆ ಗೋಣಿಚೀಲ ಕಟ್ಟಿಯೂ ನೋಡಿದೆ. ಸ್ಟ್ಯಾಂಡಿನ ಪ್ಲೈವುಡ್ ಉಬ್ಬಿತು, ಅಷ್ಟೇ.

ಕೊನೆಗೆ ಕೆಲಸ ಮಾಡಿದ್ದು ಕಂಪ್ಯೂಟರಿನ ನಾಲ್ಕು 12 ವೋಲ್ಟ್ ಫ್ಯಾನ್. ಒಂದಕ್ಕೆ ಮುನ್ನೂರು ಚಿಲ್ಲರೆ. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಗಾಳಿ ಹಾಯಿಸಿದೆ. ಮೂರನೇ ದಿನಕ್ಕೆ 27. ಕಡಲ ತೀರದ ಊರಲ್ಲಿ ಗಾಳಿಯೇ ಒದ್ದೆ, ಅಲ್ಲಿ ಇದು ಇಷ್ಟು ಸಾಗದು. ನಮ್ಮ ಬೇಸಿಗೆ ಒಣ ಬೇಸಿಗೆ ಅಲ್ವಾ? ನೀರು ಬೇಗ ಆರುತ್ತದೆ, ಆರುವಾಗ ಬಿಸಿ ಎಳೆದುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಫ್ಯಾನ್ ಕೆಲಸ ಕಮ್ಮಿ, ಆಗ ಬಿಸಿಲೂ ಕಮ್ಮಿ.

ಇದಕ್ಕೆ ದಿನಕ್ಕೆ ಎರಡೂವರೆ ಲೀಟರ್ ಆರಿಹೋಗುತ್ತದೆ. ಒಂದು ವಾರ ನಾನು ಊರಲ್ಲಿ ಇರಲಿಲ್ಲ. ತಮ್ಮ ಪಾಪ ಉಪ್ಪುನೀರನ್ನೇ ತುಂಬಿಸಿದ್ದ. ಬಂದು ನೋಡಿದರೆ ಸಾಂದ್ರತೆ 1.025 ಇದ್ದದ್ದು 1.030 ಆಗಿತ್ತು. ಉಪ್ಪು ಆರಲ್ಲ, ನೀರು ಮಾತ್ರ ಆರುತ್ತೆ. ಈಗ ನೀರಿನ ಮಟ್ಟ ಇಳಿದರೆ ಆನ್ ಆಗುವ ಫ್ಲೋಟ್ ಸ್ವಿಚ್ ಹಾಕಿದ್ದೇನೆ, ಸಿಹಿನೀರು ತಾನೇ ಬೀಳುತ್ತದೆ. ಕರೆಂಟ್ ಹೋದರೆ ಫ್ಯಾನ್, ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಎರಡೂ ಮನೆಯ ಯುಪಿಎಸ್ ಮೇಲೆ ಓಡುತ್ತವೆ. ಫ್ಯಾನಿನ ಓರೆ ಎಷ್ಟಿರಬೇಕು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಎರಡು ತಿಂಗಳು ಕೊಟ್ಟಿದ್ದೇನೆ.

ಒಟ್ಟು ಖರ್ಚು ನೆನಪಿರುವ ಮಟ್ಟಿಗೆ 38 ಸಾವಿರ. ಚಿಲ್ಲರ್ ಒಂದಕ್ಕೇ 25 ಸಾವಿರ ಹೇಳಿದ್ದರು.

ಬೆಳಿಗ್ಗೆ ಲೈಟ್ ಹತ್ತಿದ ಮೇಲೆ ಜೊವಾಂಥಿಡ್ ಒಂದೊಂದಾಗಿ ಅರಳುತ್ತವೆ. ಮೊದಲು ಅಂಚಿನ ಕುಚ್ಚು, ಆಮೇಲೆ ಕಿತ್ತಳೆ ಬಾಯಿ. ತಂದಾಗ ಹನ್ನೆರಡು ಇದ್ದವು, ಈಗ ಅರವತ್ತರ ಹತ್ತಿರ ಇವೆ. ಹೋದ ವಾರ ಒಂದು ತುಂಡು ಕತ್ತರಿಸಿ ಹರಿಹರದ ಗೆಳೆಯನಿಗೆ ಕೊಟ್ಟೆ. ಚಿಲ್ಲರ್ ಬೇಕೇ ಬೇಕು ಅಂತ ಜಾಸ್ತಿ ವಾದ ಮಾಡಿದ್ದು ಅವನೇ.