ಫ್ರೀಲ್ಯಾನ್ಸ್ ಮಾಡುವವರು ಊರಿನಲ್ಲೇ ಒಬ್ಬ ಹಿರಿಯರನ್ನು ಹುಡುಕಿಕೊಳ್ಳುವುದು ಹೇಗೆ

ಮೆಂಟರ್ ಅಂದ ಕೂಡಲೇ ಎಲ್ಲರೂ ಬೆಂಗಳೂರಿನ ಕಡೆ ನೋಡುತ್ತಾರೆ. ದುಡ್ಡು ಕೊಟ್ಟು ಅರ್ಧ ಗಂಟೆ ವಿಡಿಯೋ ಕಾಲ್. ಬೇಡ ಅನ್ನಲ್ಲ. ಆದರೆ ಮೊದಲು ನಿಮ್ಮ ಊರಲ್ಲಿ ಸಂಬಳ ಇಲ್ಲದೆ ಸಂಸಾರ ನಡೆಸಿದವರು ಯಾರಿದ್ದಾರೆ ನೋಡಿ. ಟೇಲರ್, ಪ್ರೆಸ್ಸಿನವರು, ಬೋರ್ಡ್ ಬರೆಯುವವರು. ನಿಮ್ಮದೇ ಕಸುಬು ಆಗಿರಬೇಕು ಅಂತೇನಿಲ್ಲ. ಒಂದನೇ ತಾರೀಖಿನ ಭರವಸೆ ಇಲ್ಲದೆ ಮಕ್ಕಳನ್ನು ಓದಿಸಿದವರಾದರೆ ಸಾಕು.

ನಾನು ಬಾಗಲಕೋಟೆಯಲ್ಲಿ ಫೋಟೋ ತೆಗೆಯುತ್ತೇನೆ. ಮದುವೆ, ಸೀಮಂತ, ಜೊತೆಗೆ ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರುವವರಿಗೆ ಸೀರೆಯ ಫೋಟೋ. ನನಗೆ ಸಿಕ್ಕವರು ನವನಗರದ ಒಬ್ಬ ಸ್ಟುಡಿಯೋ ಕಾಕಾ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಅಂಗಡಿ ಹೋದಾಗ ಇಲ್ಲಿಗೆ ಬಂದು ಮತ್ತೆ ಮೊದಲಿನಿಂದ ಗಿರಾಕಿ ಕೂಡಿಸಿದವರು.

ಹೋದ ಕೂಡಲೇ "ನನಗೆ ಮೆಂಟರ್ ಆಗಿ" ಅನ್ನಬೇಡಿ. ಹಿರಿಯರು ಗಾಬರಿಯಾಗುತ್ತಾರೆ. ಕೈಯಲ್ಲಿ ಒಂದು ಕೆಲಸ, ಬಾಯಲ್ಲಿ ಒಂದೇ ಪ್ರಶ್ನೆ ಇರಲಿ. ಸೀರೆಯ ಕೆಂಪು ಸೆರಗು ಫೋಟೋದಲ್ಲಿ ಗುಲಾಬಿ ಆಗ್ತಿದೆ, ಯಾಕೆ ಅಂತ ನಾನು ಕೇಳಿದ್ದೆ. ಕಾಕಾ ಟ್ಯೂಬ್‌ಲೈಟ್ ಆರಿಸಿ, ಸೀರೆಯನ್ನು ಬಾಗಿಲ ಹತ್ತಿರ ಹಿಡಿದರು. "ಎರಡು ನಮೂನಿ ಬೆಳಕು ಕೂಡಿಸಬ್ಯಾಡವಾ. ತೆನಿ ಬೆಳ್ಳಗ ಬಂತಂದ್ರ ಕೆಂಪು ತಾನ ಸರಿ ಆಗ್ತದ." ತೆನಿ ಅಂದರೆ ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲಿನ ಬಿಳಿ ವಿನ್ಯಾಸ. ಟೋಪ ತೆನಿಯ ಆ ಬಿಳಿಯನ್ನೇ ನೋಡಿಕೊಂಡು ಈಗಲೂ ವೈಟ್ ಬ್ಯಾಲೆನ್ಸ್, ಅಂದರೆ ಫೋಟೋದ ಬಣ್ಣ, ಸರಿ ಮಾಡುತ್ತೇನೆ.

ಕಸುಬಿನ ಮಾತು ಬೆಳೆದ ಮೇಲೆ ದುಡ್ಡಿನ ವಿಷಯ ಕೇಳಿ. ನಿಜವಾದ ಪಾಠ ಅಲ್ಲಿರೋದು. ಒಂದು ಆಷಾಢದಲ್ಲಿ ಫೋನೇ ಬರಲಿಲ್ಲ. ಈ ದಂಧೆ ಬಿಡ್ಲಾ ಅಂತ ಕೇಳಿದೆ. ಕಾಕಾ ಉತ್ತರ ಕೊಡಲಿಲ್ಲ. ಹಳೇ ಆರ್ಡರ್ ಡೈರಿಗಳನ್ನು ತೆಗೆದು ನನ್ನ ಮುಂದಿಟ್ಟರು. ವೈಶಾಖದ ಪುಟಗಳಲ್ಲಿ ಅಂಚಿನಲ್ಲೂ ಬರೆದಿದ್ದರು. ಆಷಾಢ ಖಾಲಿ. ಧನುರ್ಮಾಸ ಖಾಲಿ. ಮುಂದಿನ ವರ್ಷದ್ದು ತೆಗೆದರೂ ಅದೇ, ಅದರ ಮುಂದಿನದೂ ಅದೇ. "ಆಷಾಢದಾಗ ಲಗ್ನ ಯಾರ್ ಮಾಡ್ತಾರವಾ? ಅದರಾಗ ನಿಂದೇನು ತಪ್ಪು?"

ಅಲ್ಲಿಯವರೆಗೆ ಫೋನ್ ಸುಮ್ಮನಿದ್ದರೆ ನನಗೆ ಕೆಲಸ ಮಾಡೋಕೇ ಗೊತ್ತಿಲ್ಲ ಅಂತಲೇ ಅಂದುಕೊಳ್ಳುತ್ತಿದ್ದೆ. ಈಗ ಮೊದಲು ಪಂಚಾಂಗ ನೋಡುತ್ತೇನೆ.

ನೀವೂ ಹೀಗೆ ಮಾಡಿ. ನಿಮ್ಮ ಹಿರಿಯರ ಹತ್ತಿರ ಕೂತು ಅವರ ವರ್ಷ ಹೇಗೆ ಏರಿ ಇಳಿಯುತ್ತದೆ ಅಂತ ತಿಂಗಳುವಾರು ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮದನ್ನೂ ಬರೆಯಿರಿ. ಹೋದ ವರ್ಷದ ಗಳಿಕೆಯಲ್ಲಿ ಕೆಲಸದ ಖರ್ಚು ಕಳೆದು ಹನ್ನೆರಡರಿಂದ ಭಾಗಿಸಿ. ಮನೆಗೆ ಪ್ರತಿ ತಿಂಗಳು ಅಷ್ಟೇ ತೆಗೆಯಿರಿ, ವೈಶಾಖದಲ್ಲಿ ಎಷ್ಟೇ ಬಂದರೂ. ಆಮೇಲೆ ಖಾಲಿ ತಿಂಗಳಲ್ಲಿ ಯಾರಿಗೆ ಕೆಲಸ ಬೇಕಾಗುತ್ತದೆ ಅಂತ ಯೋಚಿಸಿ. ಪಂಚಮಿಗೆ ಸೀರೆ ಮಾರುವವರಿಗೆ ಫೋಟೋ ಬೇಕಾಗೋದು ಆಷಾಢದಲ್ಲೇ ಅಲ್ವಾ? ನಾನು ಈಗ ಅವರಿಗೆ ಜ್ಯೇಷ್ಠದಲ್ಲೇ ಫೋನ್ ಮಾಡುತ್ತೇನೆ.

ಹಿರಿಯರು ಹೇಳಿದ್ದನ್ನೆಲ್ಲ ಒಪ್ಪಬೇಕಿಲ್ಲ. ಪರಿಚಯದವರಿಗೆ ರೇಟ್ ಹೇಳಬಾರದು ಅನ್ನುತ್ತಾರೆ ಕಾಕಾ. ನಾನು ಹೇಳುತ್ತೇನೆ, ವಾಟ್ಸಾಪ್‌ನಲ್ಲಿ ಬರೆದೂ ಕಳಿಸುತ್ತೇನೆ. ಬಾಕಿ ವಸೂಲಿಗೆ ಅವರು ಗಿರಾಕಿಯ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದರು. ನಾನು ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ, ಪುಕ್ಕಟೆ. ಹಾಗೆ ನೋಂದಣಿಯಾದ ಸಣ್ಣ ಉದ್ಯಮದ ಬಿಲ್ಲಿನ ದುಡ್ಡನ್ನು ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು ಅಂತ ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಹಾಕಿ. ತೆರಿಗೆ ವಿಷಯಕ್ಕೆ ಮಾತ್ರ ಲೆಕ್ಕಪತ್ರದವರ ಹತ್ತಿರವೇ ಹೋಗಿ.

ಬರಿಗೈಯಲ್ಲಿ ಹೋಗಬೇಡಿ. ದುಡ್ಡು ಕೊಟ್ಟರೆ ಬೈಯುತ್ತಾರೆ, ಕೆಲಸ ಮಾಡಿಕೊಡಿ. ನಾನು ಕಾಕಾನ ಹಳೇ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಕೊಡುತ್ತಿದ್ದೇನೆ. ಲಗ್ನದ ಸೀಸನ್‌ನಲ್ಲಿ ಅವರ ಅಂಗಡಿ ಕಡೆ ಸುಳಿಯಬೇಡಿ. ಮಧ್ಯಾಹ್ನ ಮಲಗುವ ಹೊತ್ತಲ್ಲಂತೂ ಬೇಡವೇ ಬೇಡ. ಮಾತು ನಿಮ್ಮ ಮದುವೆಯ ಕಡೆ ತಿರುಗಿದರೆ ಚಹಾ ಮುಗಿಸಿ ಎದ್ದು ಬನ್ನಿ.